ಹಳ್ಳಿಗೆ ಕುಡಿಯುವ ನೀರಿನ ಸೇವೆ ಮಾಡಬೇಕಾ? ಮೊದಲು ಬಕೆಟ್ ಹಿಡಿದು ಕೊನೆಯ ನಳದ ಹತ್ತಿರ ನಿಲ್ಲಿ

ಮುದ್ದೇಬಿಹಾಳದಲ್ಲಿ ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಸುಟ್ಟ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ ತಂತಿ ಸುತ್ತುವುದು ಹೊಟ್ಟೆಪಾಡು. ಭಾನುವಾರ ಅಂಗಡಿ ಬಂದ್. ಅವತ್ತು ನಾವು ನಾಲ್ಕಾರು ಜನ ಸೇರಿ ಸುತ್ತಲಿನ ಲಂಬಾಣಿ ತಾಂಡಾ, ತೋಟದ ವಸ್ತಿ, ಸಣ್ಣ ಹಳ್ಳಿಗಳಿಗೆ ಹೋಗಿ ಕುಡಿಯುವ ನೀರಿನ ಕೆಲಸ ಮಾಡುತ್ತೇವೆ. ಒಬ್ಬರು ಹೈಸ್ಕೂಲಿನ ವಿಜ್ಞಾನ ಮಾಸ್ತರು, ಒಬ್ಬ ಮೆಡಿಕಲ್ ಶಾಪಿನ ಹುಡುಗ, ಬಿ.ಎಸ್ಸಿ. ಓದುವ ನನ್ನ ಅಕ್ಕನ ಮಗಳು, ಮತ್ತೆ ನಾನು. ಸಂಘ ಇಲ್ಲ, ಬ್ಯಾನರ್ ಇಲ್ಲ, ರಸೀದಿ ಪುಸ್ತಕವಂತೂ ಇಲ್ಲವೇ ಇಲ್ಲ. ವಿಜಯಪುರ, ಬಾಗಲಕೋಟೆಯ ಕಾಲೇಜು ಹುಡುಗರು, ಬೆಂಗಳೂರಿಗೆ ನೌಕರಿಗೆ ಹೋದ ನಮ್ಮೂರವರು "ನಾವೂ ಬರುತ್ತೇವೆ, ಏನು ಮಾಡಬೇಕು ಹೇಳಿ" ಎಂದು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆದಿದ್ದೇನೆ.

ಮೊದಲ ಮಾತು: ಏನನ್ನೂ ಕೊಡಲು ಹೋಗಬೇಡಿ. ಫಿಲ್ಟರ್, ಸಿಂಟೆಕ್ಸ್, ಆರ್‌ಒ ಮಷೀನು ಯಾವುದೂ ಬೇಡ. ನಮ್ಮ ಹಳ್ಳಿಗಳಲ್ಲಿ ನೀರಿನ ಸಾಮಾನಿಗೆ ಅಷ್ಟು ಬರ ಇಲ್ಲ. 2019ರಲ್ಲಿ ಜಲಜೀವನ ಮಿಷನ್ ಶುರುವಾದ ಮೇಲೆ ತಾಂಡಾ ತಾಂಡಾಕ್ಕೂ ಪೈಪ್ ಬಂದಿದೆ. ನಮ್ಮ ರಾಜ್ಯದಲ್ಲಿ ಅದಕ್ಕೆ ಮನೆಮನೆಗೆ ಗಂಗೆ ಎಂಬ ಹೆಸರೂ ಇದೆ. ಒಬ್ಬರಿಗೆ ದಿನಕ್ಕೆ 55 ಲೀಟರ್ ಒಳ್ಳೆಯ ನೀರು ಮನೆ ಬಾಗಿಲಿಗೆ ಬರಬೇಕು ಎಂಬುದು ಅದರ ಲೆಕ್ಕ. ಪೈಪ್ ಬಂದಿದೆ ಸರಿ, ಅದರಲ್ಲಿ ನೀರು ಬರುತ್ತದಾ, ಬಂದರೆ ಕುಡಿಯುವಂಥದ್ದಾ, ಇಲ್ಲದಿದ್ದರೆ ಎಲ್ಲಿ ಕೆಟ್ಟಿದೆ? ಇದನ್ನು ಹುಡುಕಿ, ಬರೆದು, ಸರಿ ಮಾಡಬೇಕಾದವರ ಮುಂದೆ ಇಡುವುದು ನಿಮ್ಮ ಕೆಲಸ. ಫೋಟೋಗೆ ಚೆನ್ನಾಗಿ ಬರುವ ಕೆಲಸ ಅಲ್ಲ ಇದು. ಆದರೆ ಹೊರಗಿನವರು ನಿಜವಾಗಿ ಉಪಯೋಗಕ್ಕೆ ಬರುವುದು ಇಲ್ಲೇ.

ಯಾರನ್ನು ಮೊದಲು ಕಾಣಬೇಕು

ಪಂಚಾಯ್ತಿ ಅಧ್ಯಕ್ಷರು, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಅವರಿಗೆ ಒಂದು ಮಾತು ಹೇಳಿ ಹೋಗಿ. ಹೇಳದೆ ಹೋದರೆ "ಯಾವ ಪಾರ್ಟಿಯವರು ಇವರು" ಎಂಬ ಸುದ್ದಿ ನಿಮಗಿಂತ ಮೊದಲೇ ಊರು ಮುಟ್ಟಿರುತ್ತದೆ. ತಾಂಡಾ ಆದರೆ ಅಲ್ಲಿನ ಹಿರಿಯರಾದ ನಾಯಕರು, ಕಾರಭಾರಿಗಳನ್ನು ಕಂಡು ಮಾತಾಡಿ. ಇದೆಲ್ಲ ಮರ್ಯಾದೆಯ ಮಾತು.

ಕೆಲಸದ ಮಾತು ಇರುವುದು ವಾಟರ್‌ಮ್ಯಾನ್ ಹತ್ತಿರ. ಯಾವ ವಾಲ್ (ನೀರು ಬಿಟ್ಟು ನಿಲ್ಲಿಸುವ ವಾಲ್ವ್) ಯಾವ ಓಣಿಗೆ, ಯಾವ ಬೋರು ಯಾವ ತಿಂಗಳಲ್ಲಿ ಬತ್ತುತ್ತದೆ, ಯಾರ ಮನೆಯವರು ನಳಕ್ಕೆ ಮೋಟರ್ ಹಚ್ಚುತ್ತಾರೆ, ಎಲ್ಲವೂ ಅವನ ತಲೆಯಲ್ಲಿದೆ. ಕಾಗದದಲ್ಲಿ ಎಲ್ಲೂ ಇಲ್ಲ. ಅವನನ್ನು ಬೈಯಲು ಊರಿಗೆ ಊರೇ ಇದೆ, ನೀವೂ ಅದಕ್ಕೆ ಸೇರಬೇಡಿ. ಚಹಾ ಕುಡಿಸಿ, "ಅಣ್ಣಾ, ಲೈನ್ ತೋರಸ್ರಿ" ಅನ್ನಿ. ಬೆಳಗ್ಗೆ ನೀರು ಬಿಡುವ ಹೊತ್ತಿಗೆ ಅವನ ಹಿಂದೆ ನಡೆಯಿರಿ.

ಆಮೇಲೆ ಹೆಣ್ಣುಮಕ್ಕಳು. ಗಂಡಸರನ್ನು ಕೇಳಿದರೆ "ನೀರು ಬರುತ್ತವೆ" ಎಂದು ಮುಗಿಸಿಬಿಡುತ್ತಾರೆ. ಕೊಡ ಹೊರುವವರನ್ನು ಕೇಳಿ. ಅವರಿಗೆ ಟಿಡಿಎಸ್ (ನೀರಿನಲ್ಲಿ ಕರಗಿದ ಉಪ್ಪಿನ ಲೆಕ್ಕ) ಅಂದರೆ ಗೊತ್ತಿಲ್ಲದೆ ಇರಬಹುದು, ನೀರಿನ ಗುಣ ಮಾತ್ರ ಪಕ್ಕಾ ಗೊತ್ತು. "ಈ ಬೋರಿನ ನೀರ ಸವುಳ ಅದಾವ್ರಿ, ಬ್ಯಾಳಿ ಬೇಯಂಗಿಲ್ಲ" ಎಂದು ಒಬ್ಬ ಅವ್ವ ಹೇಳಿದರೆ ಅಲ್ಲಿ ನೀರು ಗಡುಸು ಎಂದು ಬರೆದುಕೊಳ್ಳಿ. ನೀರು ಪರೀಕ್ಷೆಯ ಕಿಟ್ ಆಮೇಲೆ ಅದನ್ನೇ ಹೇಳುತ್ತದೆ. ಸಾಬೂನು ನೊರೆ ಬರಲ್ಲ, ಕೊಡದ ಒಳಗೆ ಬಿಳಿ ಪದರ ಕಟ್ಟುತ್ತದೆ ಅಂದರೂ ಅದೇ. ಮಳೆ ಬಿದ್ದ ಮೂರ್ನಾಲ್ಕು ದಿನಕ್ಕೆ ಮಕ್ಕಳಿಗೆ ವಾಂತಿ ಭೇದಿ ಶುರುವಾಗುತ್ತದೆ ಅಂದರೆ ಅದು ಬೇರೆ ಕಥೆ. ಪೈಪಿಗೆ ಎಲ್ಲೋ ಹೊಲಸು ನೀರು ಸೇರುತ್ತಿದೆ. ಆಶಾ ಕಾರ್ಯಕರ್ತೆ, ಅಂಗನವಾಡಿ ಟೀಚರ್ ಇಬ್ಬರಿಗೂ ಯಾವ ಓಣಿಯಲ್ಲಿ ಎಂಬುದು ಗೊತ್ತಿರುತ್ತದೆ.

ಊರ ಹೊರಗಿನ ಕೇರಿಗೆ, ತೋಟದ ವಸ್ತಿಗೆ ನೀವೇ ನಡೆದು ಹೋಗಿ. ಊರು ತೋರಿಸುವವರು ಅಲ್ಲಿಯವರೆಗೆ ಕರೆದೊಯ್ಯುವುದು ಕಡಿಮೆ. ಪೈಪಿನ ತುದಿ ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಬೋರಿನಿಂದ ಕೊಡದವರೆಗೆ ನಡೆಯಿರಿ

ಇದು ನನಗೆ ಬಹಳ ಇಷ್ಟದ ಭಾಗ, ಸ್ವಲ್ಪ ಉದ್ದ ಹೇಳುತ್ತೇನೆ.

ಬೋರಿನಿಂದ ಶುರು ಮಾಡಿ. ಸುತ್ತ ಸಿಮೆಂಟ್ ಕಟ್ಟೆ ಇದೆಯಾ? ಕೇಸಿಂಗ್ ಪೈಪಿನ ಬಾಯಿ ಮುಚ್ಚಿದೆಯಾ? ಹತ್ತಿರದಲ್ಲಿ ಶೌಚಾಲಯದ ಗುಂಡಿ, ತಿಪ್ಪೆ, ದನ ಕಟ್ಟುವ ಜಾಗ ಎಷ್ಟು ದೂರ? 15 ಮೀಟರ್ ಒಳಗಿದ್ದರೆ ಕೆಂಪು ಪೆನ್ನಿನಲ್ಲಿ ಬರೆಯಿರಿ. ಬೋರಿನ ಆಳ, ಮೋಟರ್ ಎಷ್ಟು ಎಚ್‌ಪಿ, ಎಷ್ಟು ಸಲ ಸುಟ್ಟಿದೆ ಎಂದು ಕೇಳಿ. ಪದೇ ಪದೇ ಸುಡುತ್ತಿದ್ದರೆ ಬಿಚ್ಚಿದ ಮೆಕ್ಯಾನಿಕ್ ಯಾರು ಅಂತ ಹುಡುಕಿ ಮಾತಾಡಿಸಿ. ಸುತ್ತಿನಲ್ಲಿ ಒಂದೆರಡು ಫೇಸ್ ಮಾತ್ರ ಕರ್ರಗಾಗಿ ಉಳಿದ ತಂತಿ ಹೊಳೆಯುತ್ತಿದ್ದರೆ, ಒಂದು ಫೇಸ್ ಹೋದಾಗಲೂ ಮೋಟರ್ ಓಡಿದೆ. ಪೂರ್ತಿ ಕಪ್ಪಾಗಿದ್ದರೆ ವೋಲ್ಟೇಜ್ ಕಡಿಮೆ, ಇಲ್ಲವೇ ಲೋಡ್ ಜಾಸ್ತಿ. ಪ್ಯಾನಲ್ ಬೋರ್ಡಿನಲ್ಲಿ ಪ್ರಿವೆಂಟರ್ ಎಂಬ ಸಣ್ಣ ಡಬ್ಬಿ ಇರುತ್ತದೆ, ಫೇಸ್ ಹೋದರೆ ಮೋಟರ್ ನಿಲ್ಲಿಸಲು. ಅದು ಆಗಾಗ ಟ್ರಿಪ್ ಆಗುತ್ತದೆ ಎಂದು ಯಾರೋ ತಂತಿ ಕೊಟ್ಟು ಡೈರೆಕ್ಟ್ ಮಾಡಿಬಿಟ್ಟಿರುತ್ತಾರೆ. ಎಷ್ಟೋ ಊರಿನ ನೀರಿನ ಬರ ಈ ಒಂದು ಗೇಣು ತಂತಿಯಲ್ಲಿದೆ! ನೀವು ಬೋರ್ಡು ಮುಟ್ಟಬೇಡಿ. ದೂರದಿಂದ ನೋಡಿ, ಫೋಟೋ ತೆಗೆದು, ಗೊತ್ತಿರುವವರಿಗೆ ತೋರಿಸಿ.

ಮುಂದೆ ಟ್ಯಾಂಕ್. ಮುಚ್ಚಳ ಇದೆಯಾ, ಯಾವಾಗ ತೊಳೆದದ್ದು? ತೊಳೆದ ದಿನಾಂಕವನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸುವುದು ಒಳ್ಳೆಯ ರೂಢಿ. ದಿನಾಂಕ ಇಲ್ಲದಿದ್ದರೆ ವಾಟರ್‌ಮ್ಯಾನ್ ಮುಖ ನೋಡಿ, ಉತ್ತರ ಸಿಗುತ್ತದೆ.

ಇನ್ನು ಪೈಪ್ ಲೈನ್. ಚರಂಡಿ ಎಲ್ಲೆಲ್ಲಿ ದಾಟುತ್ತದೆ, ಎಲ್ಲಿ ಚರಂಡಿಯ ಒಳಗೇ ಹಾದುಹೋಗಿದೆ ಎಂದು ಒಂದೊಂದಾಗಿ ನೋಡಿ. ವಾಲ್ ಇರುವ ಗುಂಡಿಯಲ್ಲಿ ಕಪ್ಪು ನೀರು ನಿಂತಿದ್ದರೆ ಬರೆಯಿರಿ. 24 ಗಂಟೆ ನೀರು ತುಂಬಿರುವ ಪೈಪಿಗೆ ಹೊರಗಿನ ಹೊಲಸು ಸುಲಭವಾಗಿ ಒಳಗೆ ಬರುವುದಿಲ್ಲ, ಒಳಗಿನ ಒತ್ತಡವೇ ಅದನ್ನು ತಡೆಯುತ್ತದೆ. ನಮ್ಮಲ್ಲಿ ನೀರು ಬಿಡುವುದು ದಿನಕ್ಕೊಮ್ಮೆ, ಎರಡು ದಿನಕ್ಕೊಮ್ಮೆ. ನೀರು ನಿಲ್ಲಿಸಿದಾಗ ಪೈಪ್ ಒಳಗೆ ಎಳೆಯುತ್ತದೆ. ಸಣ್ಣ ಬಿರುಕಿದ್ದರೂ ಸಾಕು, ಚರಂಡಿ ನೀರು ಒಳಗೆ. ನಳಕ್ಕೆ ಮೋಟರ್ ಹಚ್ಚುವವರು ಬರೀ ನೆರೆಯವರ ನೀರು ಕದಿಯುವುದಿಲ್ಲ, ಇಡೀ ಓಣಿಗೆ ಹೊಲಸನ್ನೂ ಎಳೆದು ತರುತ್ತಾರೆ.

ಇನ್ನೊಂದು ಸಂಗತಿ, ನಮ್ಮ ಕಡೆಯವರಿಗೆ ಎಷ್ಟು ಮಾಮೂಲಿ ಅಂದರೆ ಕಣ್ಣಿಗೆ ಬೀಳುವುದೇ ಇಲ್ಲ. ಒತ್ತಡ ಕಡಿಮೆ ಇರುವ ಓಣಿಯಲ್ಲಿ ನೀರು ಮೇಲೆ ಏರುವುದಿಲ್ಲ. ಆಗ ಮನೆ ಮುಂದೆ ಮೊಣಕಾಲಷ್ಟು ಆಳ ಗುಂಡಿ ತೋಡಿ, ನಳವನ್ನು ಕತ್ತರಿಸಿ ಗುಂಡಿಯ ತಳದಲ್ಲಿ ಬಿಟ್ಟಿರುತ್ತಾರೆ. ಮೇಲೆ ಒಂದು ಶಹಾಬಾದ್ ಕಲ್ಲು ಮುಚ್ಚಿರುತ್ತದೆ. ಆ ಕಲ್ಲು ಸರಿಸಿ ನೋಡಿ. ತಳದಲ್ಲಿ ಹಿಂದಿನ ದಿನದ ನೀರು, ಪಾತ್ರೆ ತೊಳೆದ ಮುಸುರೆ, ಸೊಳ್ಳೆ ಮರಿ. ಪೈಪಿನ ಬಾಯಿ ಆ ನೀರಿನೊಳಗೇ ಮುಳುಗಿರುತ್ತದೆ. ತೋಟಿ, ಅಂದರೆ ತಿರುಗಿಸಿ ನೀರು ನಿಲ್ಲಿಸುವ ನಲ್ಲಿ, ಇಲ್ಲ. ಚಿಂದಿ ಬಟ್ಟೆಯೋ, ಸವೆದ ಕಟ್ಟಿಗೆ ಬೆಣೆಯೋ ತುರುಕಿರುತ್ತಾರೆ. ನೀರು ನಿಂತ ಕೂಡಲೇ ಗುಂಡಿಯ ನೀರು ಪೈಪಿನೊಳಕ್ಕೆ ವಾಪಸ್. ಮರುದಿನ ಬೆಳಗ್ಗೆ ಮೊದಲ ಕೊಡದಲ್ಲಿ ಅದೇ ನೀರು ಯಾರದೋ ಮನೆಗೆ. ಇಂಥ ಗುಂಡಿ ಓಣಿಯಲ್ಲಿ ಎಷ್ಟಿವೆ ಎಣಿಸಿ. ಆ ಎಣಿಕೆಯನ್ನು ಗ್ರಾಮಸಭೆಯಲ್ಲಿ ಓದಿದರೆ ಯಾವ ಭಾಷಣಕ್ಕಿಂತ ಜಾಸ್ತಿ ಕೆಲಸ ಮಾಡುತ್ತದೆ. ಗುಂಡಿ ತೋಡಿದವರನ್ನು ಮಾತ್ರ ಅನ್ನಬೇಡಿ. ನೀರು ಮೇಲೆ ಬಂದಿದ್ದರೆ ಅವರೇಕೆ ತೋಡುತ್ತಿದ್ದರು?

ರಾಮದುರ್ಗ ತಾಲೂಕಿನ ಮುದೇನೂರಿನಲ್ಲಿ 2022ರ ಅಕ್ಟೋಬರಿನಲ್ಲಿ ಕಲುಷಿತ ನೀರು ಕುಡಿದು ಬಹಳ ಜನ ಆಸ್ಪತ್ರೆ ಸೇರಿದ್ದು, ಸಾವೂ ಆದದ್ದು ನಿಮಗೆ ನೆನಪಿರಬಹುದು. ಅಂಥದ್ದು ಆದ ಮೇಲೆ ಎಲ್ಲರೂ ಪೈಪ್ ನೋಡುತ್ತಾರೆ. ಆಗುವ ಮೊದಲೇ ನೋಡುವುದಕ್ಕೆ ಜನ ಬೇಕು, ಅಷ್ಟೇ.

ಬಕೆಟ್ ಲೆಕ್ಕ

20 ಲೀಟರಿನ ಬಕೆಟ್, ಮೊಬೈಲಿನ ಸ್ಟಾಪ್‌ವಾಚ್. ಬೋರಿನ ಬಾಯಲ್ಲಿ ಬಕೆಟ್ 10 ಸೆಕೆಂಡಿಗೆ ತುಂಬಿದರೆ ಸೆಕೆಂಡಿಗೆ 2 ಲೀಟರ್, ತಾಸಿಗೆ 7,200 ಲೀಟರ್. ತಾಂಡಾದಲ್ಲಿ 400 ಜನ ಇದ್ದರೆ 55 ಲೀಟರಿನಂತೆ ದಿನಕ್ಕೆ 22,000 ಲೀಟರ್ ಬೇಕು. ಅಂದರೆ ಮೂರು ತಾಸು ಕರೆಂಟ್ ಸಿಕ್ಕರೆ ಸಾಕು. ಬೋರಿನಲ್ಲಿ ಇಷ್ಟು ಬರುತ್ತಿದ್ದೂ ಕೊನೆಯ ಮನೆಗೆ ಬರುತ್ತಿಲ್ಲ ಅಂದರೆ ಹೊಸ ಬೋರು ಕೊರೆಸಿ ಏನು ಪ್ರಯೋಜನ? ನೀರು ನಡುವೆ ಎಲ್ಲೋ ಹೋಗುತ್ತಿದೆ. ಅದೇ ಬಕೆಟ್ ಹಿಡಿದು ಲೈನಿನ ಮೊದಲ ನಳ, ನಡುವಿನ ನಳ, ಕೊನೆಯ ನಳದಲ್ಲಿ ಅಳೆದು ಬರೆಯಿರಿ. ಎಲ್ಲಿ ಧಾರೆ ಒಮ್ಮೆಲೇ ಸಣ್ಣದಾಗುತ್ತದೋ ಆ ನಡುವೆ ಹುಡುಕಿ.

ಈ ಲೆಕ್ಕವನ್ನು ಏಪ್ರಿಲ್ ಮೇ ತಿಂಗಳಲ್ಲಿ ಇನ್ನೊಮ್ಮೆ ಮಾಡಲೇಬೇಕು. ಚಳಿಗಾಲದಲ್ಲಿ ತಾಂಡಾದ ಅರ್ಧ ಮನೆಗೆ ಬೀಗ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆ ಅಂತ ಮಹಾರಾಷ್ಟ್ರ, ಗೋವಾಕ್ಕೆ ಹೋಗಿರುತ್ತಾರೆ. ಹೋಳಿ, ಯುಗಾದಿ ಹೊತ್ತಿಗೆ ವಾಪಸ್ ಬರುತ್ತಾರೆ. ಬೋರು ಇಳಿಯುವುದೂ ಆಗಲೇ. ಡಿಸೆಂಬರಿನಲ್ಲಿ ಬಂದು "ಇಲ್ಲಿ ನೀರಿನ ತೊಂದರೆ ಇಲ್ಲ" ಎಂದು ವರದಿ ಬರೆದು ಹೋದವರನ್ನು ನಾನು ನೋಡಿದ್ದೇನೆ.

ಪರೀಕ್ಷೆ ಮಾಡುವುದು

ಟಿಡಿಎಸ್ ಪೆನ್ನು ಕೈಯಲ್ಲಿ ಹಿಡಿದ ಕೂಡಲೇ ವಿಜ್ಞಾನಿ ಆದ ಹಾಗೆ ಆಗುತ್ತದೆ. ಅದು ಹೇಳುವುದು ಒಂದೇ, ನೀರಿನಲ್ಲಿ ಕರಗಿದ ಉಪ್ಪು ಎಷ್ಟು ಎಂದು. ರೋಗಾಣು ಇದೆಯಾ, ಫ್ಲೋರೈಡ್ ಇದೆಯಾ ಎಂದು ಹೇಳುವುದಿಲ್ಲ. ಟಿಡಿಎಸ್ 200 ಇರುವ ತಿಳಿ ನೀರೂ ಭೇದಿ ಹಚ್ಚಬಲ್ಲದು. ಪೆನ್ನು ನೋಡಿ ಯಾರಿಗೂ "ಕುಡಿಯಿರಿ" ಎನ್ನಬೇಡಿ.

ಮೂರು ಥರದ ಪರೀಕ್ಷೆ ಸಾಕು. ಒಂದು, ಪಂಚಾಯ್ತಿಗೆ ಕೊಟ್ಟಿರುವ ಫೀಲ್ಡ್ ಟೆಸ್ಟ್ ಕಿಟ್. ಎಷ್ಟೋ ಕಡೆ ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಇರುತ್ತದೆ. ತೆಗೆಸಿ. ಒಳಗಿನ ಬಾಟಲಿಗಳ ಎಕ್ಸ್‌ಪೈರಿ ದಿನಾಂಕ ಮೊದಲು ನೋಡಿ. ಪಿಎಚ್, ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕ್ಲೋರಿನ್ ಇವನ್ನೆಲ್ಲ ಬಣ್ಣ ಹೋಲಿಸಿ ನೋಡಬಹುದು. ಪ್ರತಿ ಊರಿನಲ್ಲಿ ಐದು ಹೆಣ್ಣುಮಕ್ಕಳಿಗೆ ಈ ಕಿಟ್ ಬಳಸಲು ಕಲಿಸಬೇಕು ಎಂಬುದು ಜಲಜೀವನ ಮಿಷನ್ನಿನ ನಿಯಮ. ಆದ್ದರಿಂದ ನೀವೇ ಮಾಡಿ ತೋರಿಸಿ ಬರಬೇಡಿ. ಅವರ ಕೈಯಲ್ಲಿ ಮಾಡಿಸಿ, ನೀವು ಪಕ್ಕದಲ್ಲಿ ಕೂತಿರಿ.

ಎರಡನೆಯದು ಎಚ್‌ಟುಎಸ್ ಬಾಟಲಿ. ಸಣ್ಣ ಗಾಜಿನ ಶೀಶೆ, ಗೆರೆಯವರೆಗೆ ನೀರು ತುಂಬಿ ಮುಚ್ಚಳ ಹಾಕಿ ಬೆಚ್ಚಗಿನ ಜಾಗದಲ್ಲಿ ಇಡಬೇಕು. 24ರಿಂದ 48 ಗಂಟೆಯಲ್ಲಿ ಕಪ್ಪಾದರೆ ನೀರಿಗೆ ಮಲದ ಸಂಪರ್ಕ ಇರುವ ಸಾಧ್ಯತೆ ದೊಡ್ಡದು. ನೀರು ಹಿಡಿಯುವ ಮೊದಲು ನಳವನ್ನು ಎರಡು ಮೂರು ನಿಮಿಷ ಹರಿಯಬಿಡಿ. ಬಾಟಲಿಯ ಬಾಯಿಗೆ ಬೆರಳು ತಾಗಿಸಬೇಡಿ. ಬಾಟಲಿಯನ್ನು ಊರಲ್ಲೇ, ಅಂಗನವಾಡಿಯ ಕಟ್ಟೆಯ ಮೇಲೋ, ಯಾರದಾದರೂ ಪಡಸಾಲೆಯಲ್ಲೋ ಇಟ್ಟು ಬನ್ನಿ. ಮರುದಿನ ಶೀಶೆ ಕರ್ರಗಾದದ್ದನ್ನು ಊರವರು ತಾವೇ ನೋಡಬೇಕು. "ತಿಳಿ ನೀರು, ಏನಾಗ್ತದ ಬಿಡ್ರಿ" ಎನ್ನುತ್ತಿದ್ದವರು ಆಮೇಲೆ ಹಾಗೆ ಅನ್ನುವುದಿಲ್ಲ.

ಮೂರನೆಯದು ಲ್ಯಾಬ್. ಕಿಟ್‌ನಲ್ಲಿ ಏನಾದರೂ ಅನುಮಾನ ಬಂದರೆ ಗ್ರಾಮೀಣ ಕುಡಿಯುವ ನೀರು ಇಲಾಖೆಯ ಲ್ಯಾಬಿಗೆ ಕಳಿಸಿ. ಸಾರ್ವಜನಿಕರೂ ಅಲ್ಪ ಶುಲ್ಕಕ್ಕೆ ನೀರು ಪರೀಕ್ಷೆ ಮಾಡಿಸಬಹುದು. ಲವಣಗಳ ಪರೀಕ್ಷೆಗೆ ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು, ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿ. ರೋಗಾಣು ಪರೀಕ್ಷೆಗೆ ಲ್ಯಾಬಿನವರೇ ಕೊಡುವ ಸ್ಟೆರೈಲ್ ಬಾಟಲಿ ಬೇಕು, ಐಸ್ ಡಬ್ಬಿಯಲ್ಲಿಟ್ಟು ಅದೇ ದಿನ ಮುಟ್ಟಿಸಬೇಕು. ಬಾಟಲಿ ಮೇಲೆ ಊರು, ಜಾಗ, ದಿನಾಂಕ, ಹೊತ್ತು ಬರೆಯದೆ ಕಳಿಸಿದರೆ ಅದು ಸುಮ್ನೆ ಒಂದು ಬಾಟಲಿ ನೀರು.

ಅಂಕಿ ನೆನಪಿಡಲು: ನಮ್ಮ ದೇಶದ ಮಾನದಂಡದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ನೈಟ್ರೇಟ್ 45, ಅದಕ್ಕೆ ರಿಯಾಯಿತಿ ಇಲ್ಲ. ಟಿಡಿಎಸ್ 500, ಬೇರೆ ದಾರಿ ಇಲ್ಲದಿದ್ದರೆ 2,000. ಗಡಸುತನ 200, ಹಾಗೆಯೇ 600. ಇ-ಕೋಲೈ (ಮಲದಿಂದ ಬರುವ ಬ್ಯಾಕ್ಟೀರಿಯಾ) 100 ಮಿಲಿ ನೀರಿನಲ್ಲಿ ಒಂದೂ ಇರಬಾರದು.

ಬ್ಲೀಚಿಂಗ್ ಪೌಡರ್, ಸರಿಯಾಗಿ

ರೋಗಾಣು ಇದ್ದರೆ ಮದ್ದು ಬ್ಲೀಚಿಂಗ್ ಪೌಡರ್. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಬಳಸುವ ರೀತಿ ಮಾತ್ರ ಬಹಳ ಕಡೆ ಸರಿ ಇಲ್ಲ. ಟ್ಯಾಂಕ್ ಹತ್ತಿ ಒಂದು ಬೊಗಸೆ ಪುಡಿ ಎಸೆದು ಇಳಿಯುವುದು ಕ್ಲೋರಿನೇಶನ್ ಅಲ್ಲ.

ಒಳ್ಳೆಯ ಪುಡಿ ಆದರೆ 1,000 ಲೀಟರಿಗೆ ಸುಮಾರು 2.5 ಗ್ರಾಂ. 50,000 ಲೀಟರಿನ ಟ್ಯಾಂಕಿಗೆ 125 ಗ್ರಾಂ. 5,000 ಲೀಟರಿನ ಟ್ಯಾಂಕರಿಗೆ 12.5 ಗ್ರಾಂ. ನಾವು ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಪೊಟ್ಟಣ ಕಟ್ಟಿ ವಾಟರ್‌ಮ್ಯಾನ್‌ಗೆ ಕೊಡುತ್ತೇವೆ. ಒಂದು ಸಲಕ್ಕೆ ಒಂದು ಪೊಟ್ಟಣ, ಅಷ್ಟೇ ಲೆಕ್ಕ. ಪೊಟ್ಟಣಗಳನ್ನು ಗಟ್ಟಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ನೆರಳಲ್ಲಿ ಇಡಬೇಕು. ಚೀಲ ಬಾಯಿ ತೆರೆದು ತಿಂಗಳುಗಟ್ಟಲೆ ಇಟ್ಟ ಪುಡಿಯಲ್ಲಿ ಸುಣ್ಣ ಮಾತ್ರ ಉಳಿದಿರುತ್ತದೆ, ಕ್ಲೋರಿನ್ ಹಾರಿಹೋಗಿರುತ್ತದೆ.

ಪುಡಿಯನ್ನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಸ್ವಲ್ಪ ನೀರು ಹಾಕಿ ಕಲಸಿ, ಆಮೇಲೆ ಬಕೆಟ್ ಮುಕ್ಕಾಲು ತುಂಬುವಷ್ಟು ನೀರು ಹಾಕಿ ಕದಡಿ. ಹತ್ತು ಹದಿನೈದು ನಿಮಿಷ ಬಿಡಿ. ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿ ಮಾತ್ರ ಟ್ಯಾಂಕಿಗೆ ಹಾಕಿ. ಬಯಲಲ್ಲಿ, ಗಾಳಿಗೆ ಬೆನ್ನು ಮಾಡಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಈ ಕೆಲಸ ಮಾಡಬೇಕು. ಒಂದು ತಾಸು ಬಿಟ್ಟು ನೀರು ಬಿಡಿ. ಕೊನೆಯ ನಳದಲ್ಲಿ ಕ್ಲೋರೋಸ್ಕೋಪಿನಿಂದ, ಅಂದರೆ ನೀರಿನಲ್ಲಿ ಉಳಿದ ಕ್ಲೋರಿನ್ ತೋರಿಸುವ ಸಣ್ಣ ಸಾಧನದಿಂದ, ನೋಡಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಟ್ಯಾಂಕಿನಲ್ಲಿ ಇದ್ದು ಕೊನೆಯ ನಳದಲ್ಲಿ ಇಲ್ಲ ಅಂದರೆ ಪೈಪಿನಲ್ಲಿ ಹೊಲಸು ಇದೆ, ಕ್ಲೋರಿನ್ ಅದನ್ನು ಕೊಲ್ಲುವುದರಲ್ಲೇ ಮುಗಿದುಹೋಗಿದೆ.

ಜನ ವಾಸನೆ ಎನ್ನುತ್ತಾರೆ. "ಔಷಧ ಹಾಕ್ಯಾರ, ಮಕ್ಕಳಾಗಂಗಿಲ್ಲಂತ" ಎಂಬ ಸುದ್ದಿಯೂ ಹಬ್ಬಿದ್ದುಂಟು. ನಗಬೇಡಿ. ಅವರ ಎದುರೇ ಆ ನೀರು ಕುಡಿಯಿರಿ. ಕೊಡದಲ್ಲಿ ಬಾಯಿ ತೆರೆದು ಸ್ವಲ್ಪ ಹೊತ್ತು ಇಟ್ಟರೆ ವಾಸನೆ ಹೋಗುತ್ತದೆ ಎಂದು ಹೇಳಿ. ಕೊಡದೊಳಗೆ ಚರಗಿ, ಬೆರಳು ಅದ್ದದೆ ಹಿಡಿಕೆ ಇರುವ ಸೌಟು ಬಳಸಲು ಹೇಳುವುದೂ ಆಗಲೇ.

ಫ್ಲೋರೈಡ್ ಇದ್ದಲ್ಲಿ

ಬ್ಲೀಚಿಂಗ್ ಪೌಡರ್ ಫ್ಲೋರೈಡಿಗೆ ಏನೂ ಮಾಡುವುದಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಇನ್ನೂ ಗಟ್ಟಿಯಾಗುತ್ತದೆ. ನೈಟ್ರೇಟ್ ಕೂಡ ಹಾಗೇ. "ಕುದಿಸಿ ಆರಿಸಿ ಕುಡಿಯಿರಿ" ಎಂಬ ಬುದ್ಧಿಮಾತು ಎಲ್ಲ ಊರಿಗೂ ನಡೆಯುವುದಿಲ್ಲ.

ಹುನಗುಂದ, ಇಳಕಲ್ ಕಡೆ ಗ್ರ್ಯಾನೈಟ್ ನೆಲ, ಆಳದ ಬೋರುಗಳಲ್ಲಿ ಫ್ಲೋರೈಡ್ ಇದೆ. ಶಾಲೆಗೆ ಹೋಗಿ ಮಕ್ಕಳನ್ನು ನಗಿಸಿ ನೋಡಿ. ಮುಂದಿನ ಹಲ್ಲುಗಳ ಮೇಲೆ ಅಡ್ಡಡ್ಡ ಕಂದು ಗೆರೆ, ಸುಣ್ಣದಂಥ ಮಚ್ಚೆ ಬಹಳ ಮಕ್ಕಳಲ್ಲಿ ಕಂಡರೆ ಆ ಊರಿನ ಕುಡಿಯುವ ನೀರನ್ನು ತಡಮಾಡದೆ ಲ್ಯಾಬಿಗೆ ಕಳಿಸಿ. ಹಲ್ಲು ಹುಟ್ಟುವ ವಯಸ್ಸಿನಲ್ಲಿ, ಸುಮಾರು ಎಂಟು ವರ್ಷದ ಒಳಗೆ, ಕುಡಿದ ನೀರಿನ ಗುರುತು ಅದು. ಉಜ್ಜಿದರೆ ಹೋಗುವುದಿಲ್ಲ. ವರ್ಷಾನುಗಟ್ಟಲೆ ಕುಡಿದರೆ ಮೂಳೆ, ಕೀಲು ಹಿಡಿಯುತ್ತವೆ. ಮಕ್ಕಳ ಫೋಟೋ ತೆಗೆದು ಎಲ್ಲಿಗೂ ಕಳಿಸಬೇಡಿ, ಪಾಪ.

ಇಲ್ಲಿ ದಾರಿ ಮೂರು. ಬಹುಗ್ರಾಮ ಯೋಜನೆಯಲ್ಲಿ ಕೃಷ್ಣೆಯ ನೀರು ಬರುತ್ತಿದ್ದರೆ ಕುಡಿಯಲು ಅಡುಗೆಗೆ ಅದನ್ನೇ ಬಳಸಿ, ಬೋರಿನ ನೀರನ್ನು ಬಟ್ಟೆಗೆ ದನಕ್ಕೆ ಬಿಡುವುದು. ಎರಡನೆಯದು ಆರ್‌ಒ ಘಟಕ. ಊರಲ್ಲಿ ಈಗಾಗಲೇ ಒಂದು ಇರುತ್ತದೆ, ಅದಕ್ಕೆ ಬೀಗ ಬಿದ್ದಿರುತ್ತದೆ. ಬೀಗ ಯಾಕೆ ಬಿತ್ತು ಎಂದು ಕೇಳಿ. ಬಹಳ ಸಲ ಮೆಂಬ್ರೇನ್ (ನೀರು ಸೋಸುವ ಪೊರೆ) ಕಟ್ಟಿಕೊಂಡದ್ದು, ಕ್ಯಾಂಡಲ್ ಫಿಲ್ಟರ್ ಬದಲಿಸದೆ ಬಿಟ್ಟದ್ದು, ಕಾಯಿನ್ ಡಬ್ಬಿ ಕೆಟ್ಟದ್ದು. ಹೊಸದನ್ನು ಕೊಡಿಸಲು ದಾನಿಗಳು ಸಿಗುತ್ತಾರೆ, ಗೋಡೆ ಮೇಲೆ ಹೆಸರು ಬರೆಸಬಹುದಲ್ವಾ! ಫಿಲ್ಟರ್ ಬದಲಿಸಲು ಯಾರೂ ಸಿಗುವುದಿಲ್ಲ, ಫಿಲ್ಟರ್ ಮೇಲೆ ಹೆಸರು ಕಾಣುವುದಿಲ್ಲ. ನಿಮ್ಮ ಹತ್ತಿರ ಹಣ ಇದ್ದರೆ ಹಳೆಯದರ ಬೀಗ ತೆಗೆಸಿ. ಮಷೀನಿನಿಂದ ಹೊರಬೀಳುವ ಉಪ್ಪು ನೀರು ಎಲ್ಲಿಗೆ ಹೋಗುತ್ತದೆ ಎಂದೂ ನೋಡಿ. ಕುಡಿಯುವ ಬೋರಿನ ಪಕ್ಕದಲ್ಲೇ ಇಂಗುತ್ತಿದ್ದರೆ ಏನು ಬಂತು?

ಮೂರನೆಯದು ಮಳೆನೀರು, ಶಾಲೆಗಳಿಗೆ ಹೇಳಿ ಮಾಡಿಸಿದ್ದು. ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಒಂದು ಚದರ ಮೀಟರ್ ಚಾವಣಿ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 100 ಚದರ ಮೀಟರ್ ಚಾವಣಿಗೆ 60,000 ಲೀಟರ್. ಸೋರಿದ್ದು, ಆವಿಯಾದದ್ದು ಕಳೆದು ನೂರಕ್ಕೆ ಎಂಬತ್ತು ಪಾಲು ಹಿಡಿದರೂ 48,000. 60 ಮಕ್ಕಳಿಗೆ ದಿನಕ್ಕೆ 2 ಲೀಟರಿನಂತೆ 220 ಶಾಲಾ ದಿನಕ್ಕೆ ಬೇಕಾಗುವುದು 26,400. ಬರಗಾಲದ ವರ್ಷದಲ್ಲೂ ಬಹುಮಟ್ಟಿಗೆ ನಡೆಯುತ್ತದೆ. ಮೇ ತಿಂಗಳಲ್ಲಿ ಚಾವಣಿ ಗುಡಿಸಿ, ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಜಾಳಿಗೆ ಹಾಕಿ, ಬೆಳಕು ಬೀಳದ ಟ್ಯಾಂಕಿನಲ್ಲಿ ತುಂಬಬೇಕು. ಈ ನೀರಿಗೂ ಕ್ಲೋರಿನ್ ಬೇಕು. ಚಾವಣಿ ಮೇಲೆ ಪಾರಿವಾಳ ಕೂರುತ್ತವೆ.

ಪ್ರವಾಹ ಬಂದು ಹೋದ ಊರಲ್ಲಿ

2019ರ ಆಗಸ್ಟಿನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಯವರು ಮರೆತಿಲ್ಲ. ಅಂಥ ಹೊತ್ತಲ್ಲಿ ಬಿಸ್ಕಿಟ್, ಚಾದರ ತರುವವರು ಬಹಳ. ಬಾವಿ ಸ್ವಚ್ಛ ಮಾಡುವವರು ಕಡಿಮೆ. ಮುಳುಗಿದ ಬಾವಿಯ ಕೆಸರು ನೀರನ್ನು ಮೊದಲು ಪಂಪಿನಿಂದ ಹೊರತೆಗೆಯಬೇಕು. ಹೊಸ ನೀರು ಊರಿದ ಮೇಲೆ ಲೆಕ್ಕ: ಬಾವಿಯ ಅಗಲ ಮೀಟರಿನಲ್ಲಿ, ಅದನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 785ರಿಂದ ಗುಣಿಸಿದರೆ ಲೀಟರ್ ಸಿಗುತ್ತದೆ. 3 ಮೀಟರ್ ಅಗಲ, 4 ಮೀಟರ್ ನೀರು ಇದ್ದರೆ 28,260 ಲೀಟರ್, ಪುಡಿ ಸುಮಾರು 70 ಗ್ರಾಂ. ಇದು ಶುರುವಿನ ಲೆಕ್ಕ. ಒಂದು ತಾಸಿನ ನಂತರ ಕ್ಲೋರಿನ್ ಕಾಣದಿದ್ದರೆ ಇನ್ನೊಮ್ಮೆ ಹಾಕಿ. ತಿಳಿ ದ್ರಾವಣದ ಬಕೆಟ್ಟನ್ನು ಹಗ್ಗದಿಂದ ನೀರೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಿದರೆ ಚೆನ್ನಾಗಿ ಬೆರೆಯುತ್ತದೆ.

ಬಾವಿಗೆ, ಸಂಪಿಗೆ, ಮುಚ್ಚಿದ ಟ್ಯಾಂಕಿಗೆ ನೀವು ಇಳಿಯಬೇಡಿ. ಡೀಸೆಲ್ ಎಂಜಿನ್ನನ್ನು ಬಾವಿಯೊಳಗೆ ಇಳಿಸಿ ಓಡಿಸುವುದಂತೂ ಬೇಡವೇ ಬೇಡ. ಹೊಗೆ ಕೆಳಗೇ ನಿಂತು ಇಳಿದವರ ಜೀವ ಹೋಗುತ್ತದೆ, ಎತ್ತಲು ಇಳಿದವರದ್ದೂ. ಉತ್ಸಾಹದ ಹುಡುಗರಿಗೆ ನಾನು ಜೋರಾಗಿ ಬೈಯುವುದು ಇದೊಂದಕ್ಕೆ.

ಖಾನಾಪುರದ ಕಾಡಿನ ಊರುಗಳ ಮಾತು ಬೇರೆ. ಅಲ್ಲಿ ಮಳೆಗಾಲದಲ್ಲಿ ದಾರಿಯೇ ಇರುವುದಿಲ್ಲ, ನೀರು ಝರಿಯದ್ದು. ಝರಿಯ ಬಾಯಿಗೆ ಕಲ್ಲು ಕಟ್ಟಿ ದನ ಇಳಿಯದಂತೆ ಮಾಡುವುದು, ಮಳೆ ಹಿಡಿಯುವ ಮೊದಲೇ ಮನೆಮನೆಗೆ ಕ್ಲೋರಿನ್ ಮಾತ್ರೆ ಮುಟ್ಟಿಸುವುದು, ಇಷ್ಟೇ ನನಗೆ ತಿಳಿದ ದಾರಿ. ಅಲ್ಲಿ ಕುದಿಸುವ ಮಾತು ಸರಿ, ಸೌದೆಯೂ ಇದೆ.

ಕಾಗದದ ಕೆಲಸ

ನೋಡಿದ್ದೆಲ್ಲ ಒಂದು ಹಾಳೆಗೆ ಬರಬೇಕು. ಊರ ನಕ್ಷೆ ಕೈಯಲ್ಲೇ ಬಿಡಿಸಿ: ಬೋರು, ಟ್ಯಾಂಕ್, ವಾಲ್, ಚರಂಡಿ ದಾಟುವ ಜಾಗ, ಗುಂಡಿ ನಳಗಳು. ಕೆಳಗೆ ಬಕೆಟ್ ಲೆಕ್ಕ, ಪರೀಕ್ಷೆಯ ಅಂಕಿ, ದಿನಾಂಕ. "ನೀರಿನ ಸಮಸ್ಯೆ ಬಗೆಹರಿಸಿ" ಎಂದು ಬರೆದರೆ ಯಾರೂ ಏನೂ ಮಾಡಲಾರರು. "ಹನುಮಪ್ಪನ ಗುಡಿ ಹತ್ತಿರದ ವಾಲ್ ಒಡೆದಿದೆ, ಅಲ್ಲಿಂದ ಮುಂದೆ 40 ಮನೆಗೆ ಬಕೆಟ್ ತುಂಬಲು 6 ನಿಮಿಷ" ಎಂದು ಬರೆದರೆ ಎಂಜಿನಿಯರ್ ಮಾಡಬಹುದಾದ ಕೆಲಸ ಅದು.

ಅರ್ಜಿಗೆ ಊರ ಹೆಣ್ಣುಮಕ್ಕಳೇ ಸಹಿ ಹಾಕಬೇಕು, ನೀವಲ್ಲ. ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿ ಎಂದು ಒಂದಿರುತ್ತದೆ, ಅದರಲ್ಲಿ ಯಾರಿದ್ದಾರೆ ಎಂದು ಪಂಚಾಯ್ತಿಯಲ್ಲಿ ಕೇಳಿ. ಸದಸ್ಯರಿಗೇ ತಾವು ಸದಸ್ಯರು ಎಂದು ಗೊತ್ತಿಲ್ಲದ ಊರುಗಳಿವೆ. ಅರ್ಜಿಯ ಎರಡು ಪ್ರತಿ ಮಾಡಿ, ಒಂದರ ಮೇಲೆ ಪಂಚಾಯ್ತಿಯ ಸೀಲು ಹಾಕಿಸಿಕೊಳ್ಳಿ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಆ ದಿನ ಅಂಗಡಿ ಮುಚ್ಚಿಯಾದರೂ ಹೋಗಿ, ಹಿಂದಿನ ಸಾಲಿನಲ್ಲಿ ಕೂತಿರಿ. ಮಾತಾಡುವುದು ಊರವರು. ಗಟ್ಟಿ ದನಿಯ ಒಬ್ಬ ಅಕ್ಕನಿಗೆ ಹಾಳೆ ಓದಿಸಿ ರೂಢಿ ಮಾಡಿಸಿರಬೇಕು, ಅಷ್ಟೇ. ನಡಾವಳಿ ಪುಸ್ತಕದಲ್ಲಿ ಬರೆದುಕೊಂಡರೋ ಇಲ್ಲವೋ ನೋಡಿಯೇ ಏಳಿ.

ಹಣವನ್ನು ನಿಮ್ಮ ಕೈಗೆ ಮುಟ್ಟಿಸಿಕೊಳ್ಳಬೇಡಿ. ತೋಟಿ, ವಾಷರ್, ವಾಲ್ ಬೇಕಾದರೆ ಊರವರೇ ಅಂಗಡಿಗೆ ಬಂದು ಕೊಳ್ಳಲಿ, ನೀವು ಒಳ್ಳೆಯ ಮಾಲು ಆರಿಸಿಕೊಡಿ. ಕೆಲಸ ಎರಡು ಮೂರು ಜನ ಹುಡುಗ ಹುಡುಗಿಯರ ಕೈಯಲ್ಲಿ ಮಾಡಿಸಿ. ಐಟಿಐ ಓದಿ ಖಾಲಿ ಕೂತವರು ಪ್ರತಿ ಊರಲ್ಲೂ ಇರುತ್ತಾರೆ. ವಾಲ್ ಬಿಚ್ಚಿ ವಾಷರ್ ಬದಲಿಸಲು, ಕಿಟ್ ನೋಡಲು ಅವರು ಒಂದು ಬೆಳಗ್ಗೆಯಲ್ಲಿ ಕಲಿಯುತ್ತಾರೆ.

ಇನ್ನು ಚೀಲ. 20 ಲೀಟರಿನ ಬಕೆಟ್, ಅಳತೆ ಟೇಪು, ಟಾರ್ಚು, ಕ್ಲೋರೋಸ್ಕೋಪ್, ಎಚ್‌ಟುಎಸ್ ಶೀಶೆಗಳು, ಮಾರ್ಕರ್ ಪೆನ್ನು, ಗಟ್ಟಿ ರಟ್ಟಿನ ನೋಟ್‌ಬುಕ್, ಪೈಪ್ ಪಾನಾ, ಟೆಫ್ಲಾನ್ ಟೇಪು, ಅರ್ಧ ಇಂಚಿನ ನಾಲ್ಕಾರು ತೋಟಿ, ರಬ್ಬರ್ ಬೂಟು. ಬುತ್ತಿ ಕಟ್ಟಿಕೊಂಡು ಹೋಗಿ, ನೀರು ಮಾತ್ರ ಒಯ್ಯಬೇಡಿ. ಊರವರು ಏನು ಕುಡಿಯುತ್ತಾರೋ ಅದನ್ನೇ ಕುಡಿಯಬೇಕು. ಅದಕ್ಕೆ ಧೈರ್ಯ ಬಾರದಿದ್ದರೆ ಆ ನೀರಿಗೆ ಮೊದಲು ಕ್ಲೋರಿನ್ ಹಾಕಿಸಿ, ಒಂದು ತಾಸು ಕಾಯಿರಿ. ನೀರು ಬಿಡುವುದು ಬಹಳ ಊರಲ್ಲಿ ಬೆಳಗ್ಗೆ 6ರಿಂದ 8ರೊಳಗೆ. ಹತ್ತು ಗಂಟೆಯ ಬಸ್ಸಿಗೆ ಬಂದರೆ ಒಣಗಿದ ನಳ ಮಾತ್ರ ನೋಡಲು ಸಿಗುತ್ತದೆ, ಹಿಂದಿನ ರಾತ್ರಿಯೇ ಹೋಗಿ ಅಲ್ಲಿ ವಸ್ತಿ ಮಾಡಿ.